ಪರ್ಸೆಂಟೇಜು, ಪರ್ಸೆಂಟೈಲು ಮತ್ತ ಅವಸರದ ಪೇಢೆ

2024ರ ಫೆಬ್ರುವರಿ. ಮುಂಜಾನೆ ಬಾಗಲಿಗೆ ನೀರು ಹಾಕಿ ರಂಗೋಲಿ ಬಿಡಲಿಕತ್ತಿದ್ದೆ. ಬಾಜೂ ಮನಿ ವೈನಿ ಕೈಯಾಗ ಪೇಢೇದ ಡಬ್ಬಿ ಹಿಡಕೊಂಡು ಓಡಿ ಬಂದ್ರು. "ತೊಗೊಳ್ರಿ ಅಕ್ಕಾರ, ನಮ್ಮ ಹುಡುಗಿಗೆ ಜೆಇಇದಾಗ 91 ಬಿದ್ದದ!" ಅಂದ್ರು. ನಾನೂ ಖುಷಿಲೇ ಎರಡು ಪೇಢೆ ತಿಂದೆ. ನಮ್ಮ ಧಾರವಾಡದಾಗ ಪೇಢೆ ಹಂಚಲಿಕ್ಕೆ ಭಾಳ ದೊಡ್ಡ ಕಾರಣ ಏನೂ ಬೇಕಾಗಿಲ್ಲ, ಆದ್ರ 91 ಅಂದ್ರ ಖರೇನ ದೊಡ್ಡ ಕಾರಣನ.

ಸಂಜೀಕೆ ಇಂಜಿನಿಯರಿಂಗ್ ಓದೋ ನಮ್ಮ ಅಣ್ಣನ ಮಗ ಬಂದಿದ್ದ. ಅವನ ಮುಂದ ಹೇಳಿದೆ. ಅಂವ ತುಸು ಸುಮ್ಮನಿದ್ದು, "ಅತ್ಯಾ, ಅದು 91 ಪರ್ಸೆಂಟ್ ಅಲ್ಲ, ಪರ್ಸೆಂಟೈಲ್. ಎರಡೂ ಬ್ಯಾರೆ ಬ್ಯಾರೆ" ಅಂದ. ನನಗ ಅವತ್ತು ಪೂರಾ ತಿಳೀಲಿಲ್ಲ. ಪೇಢೆ ತಿಂದಾಗಿತ್ತು, ಹೋಗಿ ಹೇಳಲಿಕ್ಕೂ ಮನಸು ಬರಲಿಲ್ಲ.

ಏಪ್ರಿಲ್‌ದಾಗ ಜೆಇಇ ಅಡ್ವಾನ್ಸ್ಡ್ ಬರೀಲಿಕ್ಕೆ ಯಾರು ಅರ್ಹರು ಅನ್ನೋ ಗೆರಿ ಹಾಕಿದ್ರು. ಸಾಮಾನ್ಯ ವರ್ಗಕ್ಕ ಆ ಗೆರಿ 93.23ರ ಮ್ಯಾಲೆ ಬಿತ್ತು. ಹುಡುಗಿ ಕೆಳಗ ಉಳದ್ಲು. ಆವಾಗ ಅವರಪ್ಪ ಸಿಟ್ಟಿಗೆದ್ದು ಅಂದ ಮಾತು ನಮ್ಮ ಅಡಿಗಿಮನಿಗೂ ಕೇಳಿಸ್ತು: "ಎರಡು ತಿಂಗಳು ನಮಗೆಲ್ಲಾ ಸುಳ್ಳ ಹೇಳಿದ್ಯಾ? ನೂರಕ್ಕ 91 ಬಿದ್ದಾಕಿಗೆ ಮುಂದಿನ ಪರೀಕ್ಷಾಕ್ಕ ಕೂಡ್ಲಿಕ್ಕೆ ಹೆಂಗ ಬರೂದಿಲ್ಲ?"

ಆ ಕೂಸು ಏನೂ ಸುಳ್ಳ ಹೇಳಿರಲಿಲ್ಲ. ಕಾಗದದ ಮ್ಯಾಲೆ ಏನು ಇತ್ತೋ ಅದನ್ನ ತೋರಿಸಿದ್ಲು. ಓದಲಿಕ್ಕೆ ಬರಲಾರದವರು ನಾವು. ಆ ಮಾತು ನನ್ನ ಮನಸಿನ್ಯಾಗ ಕೂತು ಬಿಡ್ತು. ಈ ಅಂಕ, ಕ್ಲಾಸು, ರ‍್ಯಾಂಕು, ಪರ್ಸೆಂಟೈಲು ಎಲ್ಲಾ ಎಲ್ಲಿಂದ ಬಂದ್ವು, ಹೆಂಗ ಬಂದ್ವು ಅಂತ ಓದಿ ತಿಳಕೊಂಡೆ. ಅದನ್ನ ನಿಮಗೂ ಹೇಳಬೇಕು ಅನಿಸ್ತು.

ಮೊದಲು ನಮ್ಮ ಅಜ್ಜನ ಕಾಲದ ಮಾತು. ಆವಾಗ ಇದ್ದದ್ದು ಒಂದ ಪರೀಕ್ಷಾ, ಮ್ಯಾಟ್ರಿಕ್. 1857ರಾಗ ಮುಂಬಯಿ, ಕಲಕತ್ತಾ, ಮದ್ರಾಸ್‌ದಾಗ ಮೂರು ವಿಶ್ವವಿದ್ಯಾಲಯ ಆದ್ವು. ನಮ್ಮ ಧಾರವಾಡ ಮುಂಬಯಿ ಇಲಾಖೆಗೆ ಸೇರಿತ್ತು. ಮ್ಯಾಟ್ರಿಕ್ ಅನ್ನೋದನ್ನ ನಾವು ಸಾಲಿ ಮುಗಿಸೋ ಪರೀಕ್ಷಾ ಅಂತ ತಿಳಕೊಂಡೇವಿ. ಖರೇ ಅಂದ್ರ ಅದು ವಿಶ್ವವಿದ್ಯಾಲಯದ ಬಾಗಲದಾಗ ನಿಲ್ಲಿಸಿ ಕೇಳೋ ಪ್ರವೇಶ ಪರೀಕ್ಷಾ ಆಗಿತ್ತು. ಮುಂಬಯಿದಾಗ ಮೊದಲನೇ ಸಲ 1859ರಾಗ ನಡೀತು, ಅದರಾಗ ಪಾಸಾದವರೊಳಗ ನ್ಯಾಯಮೂರ್ತಿ ರಾನಡೆಯವರೂ ಒಬ್ಬರು. ನಮ್ಮ ಬೇಂದ್ರೆಯವರು 1913ರಾಗ ಮ್ಯಾಟ್ರಿಕ್ ಮುಗಿಸಿದಾಗ ಊರಾಗ ಕಾಲೇಜ ಇರಲಿಲ್ಲ, ಪುಣೆದ ಫರ್ಗ್ಯುಸನ್ ಕಾಲೇಜಿಗೆ ಹೋಗಬೇಕಾತು. ಕರ್ನಾಟಕ ಕಾಲೇಜ ಸುರು ಆಗಿದ್ದು 1917ರಾಗ.

ಹೆಣ್ಮಕ್ಕಳಿಗಂತೂ ಆ ಬಾಗಲಾ ಮುಚ್ಚೇ ಇತ್ತು. ಕಲಕತ್ತಾದಾಗ ಕಾದಂಬಿನಿ ಬಸು ಅನ್ನೋ ಹುಡುಗಿ 1878ರಾಗ ಪ್ರವೇಶ ಪರೀಕ್ಷಾ ಪಾಸಾದ್ಲು. ಒಂದ ಒಂದು ಅಂಕದಾಗ ಆಕಿಗೆ ಮೊದಲನೇ ದರ್ಜೆ ತಪ್ಪಿತು ಅಂತ ಹೇಳ್ತಾರ. ಮುಂದ ಆಕಿನ ಡಾಕ್ಟರ್ ಕಾದಂಬಿನಿ ಗಂಗೂಲಿ ಆದ್ಲು. ಮುಂಬಯಿ ವಿಶ್ವವಿದ್ಯಾಲಯ ಹೆಣ್ಮಕ್ಕಳಿಗೆ ಬಾಗಲಾ ತಗದದ್ದು 1883ರಾಗ. ಒಂದು ಅಂಕಕ್ಕ ಅಳೋ ಚಾಳಿ ಇವತ್ತಿಂದಲ್ಲ ನೋಡ್ರಿ.

ಆ ಕಾಲದಾಗ ಲೆಕ್ಕ ಸರಳ ಇತ್ತು. ಪಾಸೋ, ನಾಪಾಸೋ. ಪಾಸಾದ್ರ ಯಾವ ದರ್ಜೆ. ಬಾಜೂದಾಕಿಗೆ ಎಷ್ಟು ಬಿದ್ದಾವ ಅನ್ನೋದಕ್ಕೂ ನಿಮ್ಮ ದರ್ಜೆಗೂ ಸಂಬಂಧ ಇರಲಿಲ್ಲ. ಅಕ್ಕಿ ಅಳಿಯೋ ಸೇರು ಇದ್ದಂಗ. ನಿಮ್ಮ ಅಕ್ಕಿ ಸೇರು ತುಂಬಿತೋ ಇಲ್ಲೋ, ಅಷ್ಟ. ಶೇಕಡಾ ಅಂದ್ರ ಇದ. ನೂರರಾಗ ನೀವು ಎಷ್ಟು ಬರದ್ರಿ ಅನ್ನೋದು.

ಸೀಟು ಕಡಿಮಿ, ಬೇಡೋರು ಹೆಚ್ಚು ಆದ ಮ್ಯಾಲೆ ಸೇರಿನ ಲೆಕ್ಕ ಸಾಲಲಿಲ್ಲ. ನಾನು ಪಿಯುಸಿ ಮುಗಿಸಿದ್ದು 1983ರಾಗ. ನನಗ 68 ಬಿದ್ದಿತ್ತು, ಓಣ್ಯಾಗ ಎಲ್ಲಾರೂ ಫಸ್ಟ್ ಕ್ಲಾಸ್ ಅಂತ ಹೊಗಳಿದ್ರು. ಎರಡು ವರ್ಷಕ್ಕ ನನ್ನ ತಮ್ಮಂದು ಪಿಯುಸಿ ಆತು. ಅವನಿಗೆ ನನಗಿಂತ ಕಡಿಮಿ ಬಿದ್ದಿತ್ತು. ಅಪ್ಪ ಹೊಲದ ಒಂದು ಪಟ್ಟಿ ಮಾರಿ ಡೊನೇಶನ್ ಕಟ್ಟಿ ಅವನಿಗೆ ಇಂಜಿನಿಯರಿಂಗ್ ಸೀಟು ಕೊಡಿಸಿದ. ನನ್ನ ಸಲುವಾಗಿ ಹೊಲಾ ಮಾರೋ ಮಾತು ಯಾರ ಬಾಯಿಲೇನೂ ಬರಲಿಲ್ಲ, ನಾನೂ ಕೇಳಲಿಲ್ಲ. ಬಿಎಸ್ಸಿ ಮಾಡಿದೆ, ಲಗ್ನ ಆತು. ತಮ್ಮನ ಮ್ಯಾಲೆ ಸಿಟ್ಟಿಲ್ಲ. ಆದ್ರ ಡೊನೇಶನ್ ಇದ್ದ ಕಾಲದಾಗ ಮನ್ಯಾಗ ಯಾರ ಸಲುವಾಗಿ ಗಂಟು ಬಿಚ್ಚತಿದ್ರು ಅನ್ನೋದನ್ನ ನಿಮ್ಮಲ್ಲೆ ಭಾಳ ಮಂದಿ ಕಂಡೀರಿ.

ಸರಕಾರ 1984ರಾಗ ಕ್ಯಾಪಿಟೇಶನ್ ಫೀ ನಿಷೇಧದ ಕಾಯದೆ ತಂತು. ಕಾಯದೆ ಬಂದ್ರೂ ಫೀಯ ಆಟ ನಿಲ್ಲಲಿಲ್ಲ. 1989ರಾಗ ಸರಕಾರದ ಒಂದು ಆದೇಶ ಬಂತು. ಖಾಸಗಿ ಮೆಡಿಕಲ್ ಕಾಲೇಜದಾಗ ಸರಕಾರಿ ಸೀಟಿಗೆ ವರ್ಷಕ್ಕ 2,000 ರೂಪಾಯಿ, ಕರ್ನಾಟಕದ ಉಳಿದ ಹುಡುಗೂರಿಗೆ 25,000, ಹೊರಗಿನ ರಾಜ್ಯದವರಿಗೆ 60,000ದ ತನಕ. ಉತ್ತರ ಪ್ರದೇಶದ ಮೀರತ್‌ದ ಮೋಹಿನಿ ಜೈನ್ ಅನ್ನೋ ಹುಡುಗಿ ತುಮಕೂರಿನ ಕಾಲೇಜೊಂದರಾಗ ಎಂಬಿಬಿಎಸ್ ಸೀಟು ಕೇಳಿದ್ಲು. 60,000 ಕಟ್ಟೋದು ನನ್ನ ಕೈಲೆ ಆಗೂದಿಲ್ಲ ಅಂತ ಅವರಪ್ಪ ಹೇಳಿದ, ಸೀಟು ಸಿಗಲಿಲ್ಲ. ಆ ಹುಡುಗಿ ಸುಮ್ಮನ ಕೂಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದ್ಲು. 1992ರಾಗ ಕೋರ್ಟು, ಕಲಿಯೋ ಹಕ್ಕು ಮೂಲಭೂತ ಹಕ್ಕು, ಕ್ಯಾಪಿಟೇಶನ್ ಫೀ ತೊಗೊಳ್ಳೋದು ತಪ್ಪು ಅಂತ ತೀರ್ಪು ಕೊಟ್ತು. ಮರುವರ್ಷ, 1993ರಾಗ, ಉನ್ನಿಕೃಷ್ಣನ್ ಕೇಸಿನ್ಯಾಗ ದೊಡ್ಡ ಪೀಠ ಆ ಹಕ್ಕನ್ನ 14 ವಯಸ್ಸಿನ ತನಕ ಅಂತ ಮಿತಿ ಮಾಡ್ತು. ಅದರ ಜೋಡಿ ಖಾಸಗಿ ಕಾಲೇಜಿನ ಅರ್ಧಾ ಸೀಟು ಕಡಿಮಿ ಫೀಯ ಫ್ರೀ ಸೀಟು, ಅರ್ಧಾ ಪೇಮೆಂಟ್ ಸೀಟು, ಎರಡೂ ಅರ್ಹತಾದ ಮ್ಯಾಲೆನ ತುಂಬಬೇಕು ಅನ್ನೋ ಯೋಜನಾ ಹಾಕಿ ಕೊಟ್ತು.

ಅದರ ಬೆನ್ನಿಗೇ 1994ರಾಗ ನಮ್ಮ ರಾಜ್ಯದಾಗ ಸಿಇಟಿ ಬಂತು. ಸಿಇಟಿ ಅಂದ್ರ ಹುಡುಗೂರ ಜೀವಾ ತಿನ್ನೋ ಪರೀಕ್ಷಾ ಅಂತ ನಾವು ಬೈತೀವಿ. ಆದ್ರ ಅದು ಬಂದದ್ದು ಡೊನೇಶನ್ನಿನ ಬಾಗಲಾ ಮುಚ್ಚಲಿಕ್ಕೆ. ಗುಮಾಸ್ತನ ಮಗಳು, ಮಾಸ್ತರ ಮಗಳು ಒಂದು ರ‍್ಯಾಂಕ್ ಕಾರ್ಡ್ ಹಿಡಕೊಂಡು ಕೌನ್ಸೆಲಿಂಗಿಗೆ ಹೋಗಿ ಫ್ರೀ ಸೀಟು ತೊಗೊಂಡು ಬರಲಿಕ್ಕೆ ಸುರು ಮಾಡಿದ್ರು. ನಮ್ಮ ಬಳಗದಾಗ ಮೊದಲ ಇಂಜಿನಿಯರ್ ಆದ ಹುಡುಗಿ, ನನ್ನ ತಂಗಿ ಮಗಳು, ಹಂಗ ಆದಾಕಿನ. ಅವರಪ್ಪ ಹೊಲಾ ಮಾರಲಿಲ್ಲ, ಮಾರೋ ಕಾರಣನೂ ಬೀಳಲಿಲ್ಲ. 2002ರಾಗ ಟಿಎಂಎ ಪೈ ಕೇಸಿನ್ಯಾಗ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಫ್ರೀ ಸೀಟು, ಪೇಮೆಂಟ್ ಸೀಟಿನ ಆ ಯೋಜನಾ ತಗದು ಹಾಕಿತು. ಮುಂದ ಖಾಸಗಿ ಕಾಲೇಜದವರ ಕಾಮೆಡ್‌ಕೆ ಪರೀಕ್ಷಾ ಬ್ಯಾರೆ ಬಂತು. ಫೀ ಏರೇದ. ಆದ್ರ ಸರಕಾರಿ ಕೋಟಾದ ಸೀಟಿಗೆ ಸಿಇಟಿ ಇವತ್ತಿಗೂ ಅದ, ಈಗ ಅದನ್ನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡಸ್ತದ.

ಈಗ ಸಿಇಟಿ ರ‍್ಯಾಂಕು ಹೆಂಗ ಆಗ್ತದ ಕೇಳ್ರಿ. ಇಂಜಿನಿಯರಿಂಗಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಒಂದೊಂದಕ್ಕ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕ ಅಂಕ ಕಳಿಯೂದಿಲ್ಲ, ಅದಕ್ಕ ಯಾವ ಪ್ರಶ್ನೆನೂ ಖಾಲಿ ಬಿಡಬಾರದು ಅಂತ ಮಕ್ಕಳಿಗೆ ಹೇಳ್ರಿ. ರ‍್ಯಾಂಕಿಗೆ ಅರ್ಧಾ ತೂಕ ಸಿಇಟಿಯದು, ಅರ್ಧಾ ತೂಕ ಎರಡನೇ ಪಿಯುಸಿಯ ಅದ ಮೂರು ವಿಷಯದ್ದು. ಒಂದು ಹುಡುಗಿಗೆ ಪಿಯುಸಿದಾಗ 300ಕ್ಕ 270 ಬಿದ್ದಾವ ಅನ್ಕೋರಿ. ಅದು ಶೇಕಡಾ 90, ಅರ್ಧಾ ಮಾಡಿದ್ರ 45. ಸಿಇಟಿದಾಗ 180ಕ್ಕ 108 ಅಂದ್ರ ಶೇಕಡಾ 60, ಅರ್ಧಾ ಮಾಡಿದ್ರ 30. ಕೂಡಿಸಿದ್ರ 75. ಇನ್ನೊಬ್ಬಾಕಿಗೆ ಪಿಯುಸಿದಾಗ 210 ಬಿದ್ದು, ಸಿಇಟಿದಾಗ 126 ಬಿದ್ರ, 35 ಮತ್ತ 35 ಕೂಡಿ 70. ಸಿಇಟಿದಾಗ 18 ಅಂಕ ಹೆಚ್ಚು ತೊಗೊಂಡಾಕಿ ರ‍್ಯಾಂಕಿನ್ಯಾಗ ಹಿಂದ ಉಳೀತಾಳ. "ಸಿಇಟಿ ಒಂದ ಬರಿ, ಪಿಯುಸಿ ಹೆಂಗರ ಆಗ್ಲಿ" ಅನ್ನೋ ಕೋಚಿಂಗದವರ ಮಾತು ಕೇಳೋ ಮೊದಲು ಈ ಲೆಕ್ಕ ಒಮ್ಮೆ ಹಾಕಿ ನೋಡ್ರಿ.

ಸೊಲ್ಲಾಪುರ, ಸಾಂಗ್ಲಿ ಕಡೆ ಇರೋ ನಮ್ಮ ಮಂದಿಗೆ ಇನ್ನೊಂದು ಮಾತು. ಹೊರನಾಡು, ಗಡಿನಾಡು ಕನ್ನಡಿಗರ ಮಕ್ಕಳಿಗೆ 50 ಅಂಕದ ಕನ್ನಡ ಪರೀಕ್ಷಾ ಇರ್ತದ, ಅದರಾಗ ಕಡೀಕೆ 12 ಆದ್ರೂ ಬರಬೇಕು. ಮನ್ಯಾಗ ಮಕ್ಕಳಿಗೆ ನಾಲ್ಕು ಸಾಲು ಕನ್ನಡಾ ಓದಲಿಕ್ಕೆ ಕಲಿಸಿದ್ದು ಹಿಂಗೂ ಉಪಯೋಗಕ್ಕ ಬರ್ತದ.

ಈ ಅರ್ಧಾ ಅರ್ಧಾ ಲೆಕ್ಕಾನೂ ಎಲ್ಲಾ ವರ್ಷ ನಿಲ್ಲಲಿಲ್ಲ. ಕೊರೊನಾದಾಗ, 2021ರಾಗ, ಎರಡನೇ ಪಿಯುಸಿ ಪರೀಕ್ಷಾನ ರದ್ದಾತು. ಎಸ್ಸೆಸ್ಸೆಲ್ಸಿಯ 45, ಮೊದಲನೇ ಪಿಯುಸಿಯ 45, ಕಾಲೇಜಿನ ಒಳಗಿನ ಮೌಲ್ಯಮಾಪನದ 10 ಅಂತ ಕೂಡಿಸಿ ಅಂಕ ಕೊಟ್ರು. ಆ ವರ್ಷ ರ‍್ಯಾಂಕು ಸಿಇಟಿ ಒಂದರ ಮ್ಯಾಲೆನ ಆತು. 2022ರಾಗ ಅದ ಹುಡುಗೂರು ಮತ್ತೊಮ್ಮೆ ಸಿಇಟಿ ಬರದಾಗ ಅವರ ಪಿಯುಸಿ ಅಂಕ ಹಿಡಿಯಲಿಲ್ಲ, ಹೈಕೋರ್ಟಿನ ತನಕ ಜಗಳ ಹೋತು. ಕೊನಿಗೆ ಅವರ ಪಿಯುಸಿ ಅಂಕದಾಗ ತುಸು ಕಡಿಮಿ ಮಾಡಿ ಲೆಕ್ಕಕ್ಕ ಹಿಡದ್ರು. ಇಲ್ಲೆ ತಿಳಕೋಬೇಕಾದದ್ದು ಏನಂದ್ರ, ಪರೀಕ್ಷಾ ನಡದು 95 ಬಿದ್ದದ್ದು, ಪರೀಕ್ಷಾನ ಆಗಲಾರದ 95 ಬಿದ್ದದ್ದು ಒಂದ ತಕ್ಕಡಿದಾಗ ತೂಗಲಿಕ್ಕೆ ಬರೂದಿಲ್ಲ. ಹಂಗ ಬ್ಯಾರೆ ಬ್ಯಾರೆ ಪರೀಕ್ಷಾದ ಅಂಕಗಳನ್ನ ಒಂದ ತಕ್ಕಡಿಗೆ ತರೋ ಖಟಪಟಿನ ಈ ಪರ್ಸೆಂಟೈಲಿನ ಹಿಂದ ಇರೋದು.

ಈ ವಿಚಾರ ಬೆಳದದ್ದು ಅಮೆರಿಕಾದಾಗ. ಅಲ್ಲೆ ಇರೋ ನಮ್ಮ ಮೊಮ್ಮಕ್ಕಳು ಸ್ಯಾಟ್ ಅಂತ ಒಂದು ಪರೀಕ್ಷಾ ಬರೀತಾರಲ್ಲಾ, ಅದು ಮೊದಲು ನಡದದ್ದು 1926ರ ಜೂನ್ 23ಕ್ಕ, ಸುಮಾರು 8 ಸಾವಿರ ಮಂದಿ ಬರದ್ರು. ಅದನ್ನ ಮಾಡಿದಾಂವ ಕಾರ್ಲ್ ಬ್ರಿಗಮ್, ಮೊದಲನೇ ಮಹಾಯುದ್ಧದ ಸೈನಿಕರ ಬುದ್ಧಿ ಪರೀಕ್ಷಾದ ಕೆಲಸದಿಂದ ಬಂದಾಂವ. ಇಂಥಾ ಕುಲದವರಿಗೆ ಬುದ್ಧಿ ಹೆಚ್ಚು, ಇಂಥವರಿಗೆ ಕಡಿಮಿ ಅಂತ 1923ರಾಗ ಪುಸ್ತಕ ಬರದಿದ್ದ. 1930ರಾಗ ತಾನ ಆ ಮಾತಿಗೆ ಬುಡ ಇಲ್ಲ ಅಂತ ಒಪ್ಪಿಕೊಂಡ. ಆದ್ರ ಪರೀಕ್ಷಾ ಉಳೀತು. ಅದರಾಗ ಒಂದೊಂದು ಭಾಗಕ್ಕ 200ರಿಂದ 800ರ ತನಕ ಅಂಕ. ಈ 800 ಅಂದ್ರ 800 ಪ್ರಶ್ನೆ ಅಲ್ಲ, 200 ಅಂದ್ರ 200 ಸರಿ ಉತ್ತರಾನೂ ಅಲ್ಲ. 1941ರಾಗ ಬರದ ಗುಂಪಿನ ಸರಾಸರಿಗೆ 500 ಅಂತ ಹೆಸರಿಟ್ಟು ಉಳಿದವರನ್ನ ಅದರ ಹಿಂದಮುಂದ ನಿಲ್ಲಿಸಿದ್ರು. ಮುಂದ ಎಲ್ಲಾ ಥರದ ಮಕ್ಕಳೂ ಬರೀಲಿಕ್ಕೆ ಬಂದ್ರು, ಭಾಷಾ ಭಾಗದ ಸರಾಸರಿ 420ರ ಆಸುಪಾಸಿಗೆ ಇಳೀತು. 1995ರಾಗ ಮತ್ತ ಸರಾಸರಿಗೆ 500 ಅಂತ ಹೊಸಾದಾಗಿ ಗೆರಿ ಹಾಕಿದ್ರು. ಒಂದ ರಾತ್ರಿದಾಗ ಹುಡುಗೂರು ಶಾಣ್ಯಾ ಆಗಲಿಲ್ಲ, ಅಳಿಯೋ ಕೋಲು ಸರೀತು.

ಈಗ ನಮ್ಮ ಪರ್ಸೆಂಟೈಲಿಗೆ ಬರೂಣು. 2019ರಿಂದ ಜೆಇಇ ಮೇನ್ ವರ್ಷಕ್ಕ ಒಂದಕ್ಕಿಂತ ಹೆಚ್ಚು ಸಲ, ಬ್ಯಾರೆ ಬ್ಯಾರೆ ದಿನ, ಬ್ಯಾರೆ ಬ್ಯಾರೆ ಪಾಳಿದಾಗ ನಡೀತದ. ಒಂದೊಂದು ಪಾಳಿಗೆ ಒಂದೊಂದು ಪ್ರಶ್ನೆ ಪತ್ರಿಕೆ. ಒಂದು ಕಠಿಣ, ಒಂದು ಹಗರ. ಅದಕ್ಕ ಅಂಕ ಬಿಟ್ಟು, ನಿಮ್ಮ ಪಾಳಿದಾಗ ನಿಮ್ಮಷ್ಟು ಅಥವಾ ನಿಮಗಿಂತ ಕಡಿಮಿ ತೊಗೊಂಡವರು ನೂರಕ್ಕ ಎಷ್ಟು ಮಂದಿ ಅಂತ ಹಿಡೀತಾರ. ಅದನ್ನ ಚುಕ್ಕಿ ಆದ ಮ್ಯಾಲೆ ಏಳು ಅಂಕಿ ತನಕ ಬರೀತಾರ.

ನವರಾತ್ರಿ ಅರಿಶಿನ ಕುಂಕುಮಕ್ಕ ಬಂದ ನೂರು ಮಂದಿ ಹೆಣ್ಮಕ್ಕಳನ್ನ ಎತ್ತರದ ಪ್ರಕಾರ ಸಾಲಿಗೆ ನಿಲ್ಲಿಸ್ರಿ. ಅತೀ ಎತ್ತರದಾಕಿ ಮುಂದ. ನಿಮ್ಮನ್ನೂ ಹಿಡದು 91 ಮಂದಿ ನಿಮ್ಮಷ್ಟ ಎತ್ತರ ಅಥವಾ ನಿಮಗಿಂತ ಗಿಡ್ಡ ಇದ್ರ ನೀವು 91 ಪರ್ಸೆಂಟೈಲು. ನೀವು ಎಷ್ಟು ಫೂಟ್ ಎತ್ತರ ಅನ್ನೋದನ್ನ ಅದು ಹೇಳೂದಿಲ್ಲ. ಎಲ್ಲಾರೂ ಐದು ಫೂಟಿನ ಒಳಗಿನವರ ಇದ್ರೂ ಯಾರೋ ಒಬ್ಬಾಕಿ 91 ಆಗ್ತಾಳ. ನಮ್ಮ ಬಾಜೂ ಮನಿ ಹುಡುಗಿದು ಹಂಗ ಆಗಿತ್ತು. ಸರಿ ಉತ್ತರ ಹಚ್ಚಿ ಎಣಿಸಿದ್ರ 300ಕ್ಕ 90ರ ಒಳಗನ ಇದ್ವು. ಪತ್ರಿಕೆ ಅಷ್ಟು ಕಠಿಣ ಇತ್ತು, ಆದ್ದರಿಂದ ಅಷ್ಟರಾಗನ ಆಕಿ ನೂರಕ್ಕ 91 ಮಂದಿ ಸಾಲು ದಾಟಿದ್ಲು. ಅದೇನು ಸಣ್ಣ ಮಾತಲ್ಲ.

ಆದ್ರ ನೂರು ಮಂದಿ ಸಾಲಿನ್ಯಾಗ ಮುಂದ 9 ಮಂದಿ. ಜೆಇಇ ಸಾಲಿನ್ಯಾಗ 2024ರಾಗ ಸುಮಾರು 14 ಲಕ್ಷ ಮಂದಿ ಇದ್ರು. ಅದರಾಗ ನೂರಕ್ಕ 9 ಅಂದ್ರ 1 ಲಕ್ಷ 26 ಸಾವಿರ. ದೇಶದ ಎಲ್ಲಾ ಎನ್‌ಐಟಿ ಕೂಡಿ ಸೀಟು ಸುಮಾರು 24 ಸಾವಿರ. 91 ದೊಡ್ಡದು ಹೌದು, ಆದ್ರ ಆಕಿ ಮುಂದ ಒಂದು ಊರಿಗೆ ಊರ ನಿಂತಿತ್ತು. ಪರ್ಸೆಂಟೈಲು ಹಿಂದಿನವರನ್ನ ಎಣಸ್ತದ, ರ‍್ಯಾಂಕು ಮುಂದಿನವರನ್ನ ಎಣಸ್ತದ. ಇಷ್ಟ ನೆನಪಿಟ್ಕೋರಿ, ಅರ್ಧಾ ಗೊಂದಲ ಹೋಗ್ತದ.

ಮೆಡಿಕಲ್ ಸೀಟಿನ ನೀಟ್ ಪರೀಕ್ಷಾದಾಗೂ ಇದ ಮಾತು. ಸಾಮಾನ್ಯ ವರ್ಗಕ್ಕ 50 ಪರ್ಸೆಂಟೈಲು ಬಂದ್ರ ಅರ್ಹರು ಅಂತಾರ. ನಾವು ಅರ್ಧಾ ಅಂಕ, 360 ಬೇಕು ಅನ್ಕೋತೀವಿ. 2024ರಾಗ ಆ 50 ಪರ್ಸೆಂಟೈಲು 720ಕ್ಕ ಬರೇ 162ಕ್ಕ ಬಂದು ನಿಂತಿತ್ತು. ಅರ್ಹ ಅಂದ್ರ ಸಾಲಿನ್ಯಾಗ ನಿಲ್ಲಲಿಕ್ಕೆ ಪರವಾನಗಿ, ಸೀಟು ಅಲ್ಲ. 2023ರಾಗ ಮೇಲಿನ ಓದಿನ ನೀಟ್ ಪಿಜಿಗೆ ಸೀಟು ಖಾಲಿ ಉಳದಾವ ಅಂತ ಗೆರಿಯನ್ನ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದ್ರು. ಪೇಪರಿನ್ಯಾಗ ಓದಿ ನಮ್ಮ ಮನ್ಯಾಗ "ಸೊನ್ನೆ ಬಿದ್ದವರೂ ತಜ್ಞ ಡಾಕ್ಟರ್ ಆಗ್ತಾರಂತ" ಅಂತ ಗದ್ದಲ ಆತು. ಅದರ ಅರ್ಥ, ಪರೀಕ್ಷಾ ಬರದವರೆಲ್ಲಾ ಸಾಲಿಗೆ ನಿಲ್ಲಬಹುದು ಅಂತ. ಸರಿಯೋ ತಪ್ಪೋ ಅದು ಬ್ಯಾರೆ ಮಾತು, ಮೊದಲು ಅರ್ಥ ತಿಳಿಬೇಕು.

ಲೆಕ್ಕ ತಿಳದವರಿಗೆ ಇನ್ನೊಂದು ಉಪಯೋಗ ಅದ. 2024ರ ನೀಟ್ ಫಲಿತಾಂಶದಾಗ 67 ಮಂದಿಗೆ 720ಕ್ಕ 720 ಬಿತ್ತು, ಕೆಲವರಿಗೆ 718, 719 ಬಿತ್ತು. ಸರಿ ಉತ್ತರಕ್ಕ 4, ತಪ್ಪಿಗೆ 1 ಕಡಿತ. ಒಂದು ಪ್ರಶ್ನೆ ಬಿಟ್ರ 716, ಒಂದು ತಪ್ಪಿದ್ರ 715. ಹಂಗಾದ್ರ 718 ಬರೂದು ಹೆಂಗ? ಇದನ್ನ ಮೊದಲು ಕೇಳಿದವರು ಮನ್ಯಾಗ ಕೂತು ಎಣಿಸಿದ ಹುಡುಗೂರು, ಅವರ ತಂದಿತಾಯಿ. ಕೊನಿಗೆ, ಪರೀಕ್ಷಾದಾಗ ವೇಳೆ ಹಾಳಾದ 1,563 ಮಂದಿಗೆ ಕೃಪಾಂಕ ಕೊಟ್ಟದ್ದು ಹೊರಗ ಬಂತು. ಆ ಅಂಕ ರದ್ದಾಗಿ ಅವರಿಗೆ ಮರುಪರೀಕ್ಷಾ ಇಟ್ರು. ಮುಂದ ಒಂದು ಭೌತಶಾಸ್ತ್ರದ ಪ್ರಶ್ನೆಯ ಉತ್ತರಾನೂ ಬದಲಾಗಿ, ಪೂರಾ ಅಂಕದವರು 67ರಿಂದ 17ಕ್ಕ ಇಳದ್ರು.

ಅದ ವರ್ಷ ನಮ್ಮ ಸಿಇಟಿದಾಗೂ ಪಠ್ಯದ ಹೊರಗಿನ ಪ್ರಶ್ನೆ ಬಂದು ಗಲಾಟೆ ಆತು. ಭೌತಶಾಸ್ತ್ರದ 9, ರಸಾಯನಶಾಸ್ತ್ರದ 15, ಗಣಿತದ 15, ಜೀವಶಾಸ್ತ್ರದ 11, ಒಟ್ಟು 50 ಪ್ರಶ್ನೆ ಕೈಬಿಟ್ಟು ಉಳಿದದ್ದರ ಮ್ಯಾಲೆ ರ‍್ಯಾಂಕು ಕೊಟ್ರು. ಬಾಜೂ ಮನಿ ಹುಡುಗಿ ಅದನ್ನೂ ಬರದಿದ್ಲು. ಜೂನ್‌ದಾಗ ಫಲಿತಾಂಶ ಬಂತು. ಪಿಯುಸಿದಾಗ ಆಕಿಗೆ ಛಲೋ ಅಂಕ ಇದ್ವು, ಆ ಅರ್ಧಾ ತೂಕ ಆಕಿ ಕೈ ಹಿಡೀತು. ಹುಬ್ಬಳ್ಳಿದಾಗ ಬೇಕಾದ ವಿಷಯದ ಸೀಟು ಸಿಕ್ತು.

ಈ ಸಲ ಪೇಢೆ ಬರೋ ಮೊದಲು ವೈನಿ ಕಾರ್ಡ್ ಹಿಡಕೊಂಡು ನನ್ನ ಅಡಿಗಿಮನಿಗೆ ಬಂದ್ರು. "ಅಕ್ಕಾರ, ಇದು ಮುಂದಿನವರದೋ, ಹಿಂದಿನವರದೋ ಲೆಕ್ಕ?" ಅಂತ ಕೇಳಿದ್ರು. ಇಬ್ಬರೂ ಕನ್ನಡಕ ಹಾಕ್ಕೊಂಡು, ಹೋದ ವರ್ಷ ಯಾವ ಕಾಲೇಜ ಎಷ್ಟನೇ ರ‍್ಯಾಂಕಿಗೆ ಮುಗೀತು ಅನ್ನೋ ಪಟ್ಟಿ ಇಟ್ಕೊಂಡು ಕೂತ್ವಿ. ಹಾಲು ಉಕ್ಕಿ ಹೋತು.

ಅವರಪ್ಪ ಮಗಳ ಮುಂದ "ತಪ್ಪಾತು" ಅಂದ್ನೋ ಇಲ್ಲೋ ನಾ ಕೇಳಲಿಲ್ಲ. ಹುಡುಗಿಯನ್ನ ಕಾಲೇಜಿಗೆ ಬಿಡಲಿಕ್ಕೆ ಮೊದಲನೇ ದಿನ ತಾನ ಸ್ಕೂಟರ್ ತಗದದ್ದು ಮಾತ್ರ ಕಿಡಿಕ್ಯಾಗಿಂದ ನೋಡಿದೆ.

ನಮ್ಮ ಧಾರವಾಡದಾಗ 2016ರಿಂದ ಐಐಟಿನ ಬಂದದ. 2018ರಿಂದ ಐಐಟಿಗಳೊಳಗ ಹೆಣ್ಮಕ್ಕಳಿಗೆ ಹೆಚ್ಚುವರಿ ಸೀಟು ಇಟ್ಟಾರ, ಮೊದಲು ನೂರಕ್ಕ 14 ಹೆಣ್ಮಕ್ಕಳು ಇರಬೇಕು ಅಂತ, 2020ರ ಹೊತ್ತಿಗೆ 20. ಇರೋ ಸೀಟು ಕಸಗೊಂಡಲ್ಲ, ಮ್ಯಾಲೆ ಕೂಡಿಸಿ ಕೊಟ್ಟದ್ದು. ಇದನ್ನ ನಿಮ್ಮ ಮನಿ ಹುಡುಗ್ಯಾರಿಗೆ ಹೇಳ್ರಿ. ಮತ್ತ ಮುಂದಿನ ಸಲ ಯಾರರೆ "ನಮ್ಮ ಕೂಸಿಗೆ 91 ಬಿತ್ತು" ಅಂದ್ರ ಪೇಢೆ ಬಾಯಾಗ ಹಾಕ್ಕೋರಿ, ಆಮ್ಯಾಲೆ ಸಾವಕಾಶ ಕೇಳ್ರಿ, ಯಾವ 91 ಅಂತ. ಕೂಸಿಗೆ ಬೈಯೋ ಮೊದಲಂತೂ ಖಾತ್ರಿಲೇ ಕೇಳ್ರಿ.